ಜೇಬಿನಲ್ಲಿ ಲಿನಕ್ಸ್: ಸ್ಮಾರ್ಟ್ ಕಾರ್ಡ್‌ನಿಂದ ಎಸ್‌ಎಸ್‌ಡಿವರೆಗೆ

ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್. ಅಪ್ಪನ ಜಿಎಸ್‌ಟಿ ಲೆಕ್ಕ, ಅಣ್ಣನ ಫೈಲುಗಳು ಎಲ್ಲಾ ಅದರಲ್ಲೇ. ತಂಗಿ ಇಂಜಿನಿಯರಿಂಗ್ ಸೇರಿದ್ದಾಳೆ, ಅವಳಿಗೆ ಲಿನಕ್ಸ್ ಬೇಕು. ಆದರೆ ಇರುವ ವಿಂಡೋಸ್ ಕೆಡಬಾರದು. ಚಿಕ್ಕಜಾಲ, ಹುಣಸಮಾರನಹಳ್ಳಿ, ಯಲಹಂಕ ಕಡೆಯ ಎಷ್ಟೋ ವಿದ್ಯಾರ್ಥಿಗಳ ಮನೆಯಲ್ಲಿ ಇದೇ ಪರಿಸ್ಥಿತಿ. ಇದಕ್ಕೆ ದಾರಿ ಇದೆ: ಲಿನಕ್ಸನ್ನು ಹೊರಗಿನ ಡ್ರೈವ್‌ಗೆ ಹಾಕುವುದು. ಈ ಯೋಚನೆ ಹೇಗೆ ಬೆಳೆಯಿತು, ಅದರಲ್ಲಿ ನಮ್ಮ ಬೆಂಗಳೂರಿನ ಪಾಲೆಷ್ಟು, ನೋಡೋಣ.

ಆಪರೇಟಿಂಗ್ ಸಿಸ್ಟಮ್ ಯಂತ್ರದ ಹೊರಗಿರುವುದು ಹೊಸದೇನಲ್ಲ. 1981ರ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. ಫ್ಲಾಪಿ ಹಾಕಿದರೆ ಡಾಸ್ ಶುರುವಾಗುತ್ತಿತ್ತು. 1991ರ ಆಗಸ್ಟ್ 25ರಂದು ಲೈನಸ್ ಟೊರ್ವಾಲ್ಡ್ಸ್ ತಮ್ಮ ಕೆಲಸದ ಸುದ್ದಿ ಹಂಚಿಕೊಂಡ ಮೇಲೆ, ಮೊದಮೊದಲು ಲಿನಕ್ಸ್ ಓಡಾಡಿದ್ದೂ ಫ್ಲಾಪಿಗಳಲ್ಲೇ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಬರುತ್ತಿದ್ದ ಸಿಡಿಗಳಿಂದ ಅನೇಕರು ಲಿನಕ್ಸ್ ಕಂಡರು. ಡಯಲ್‌ಅಪ್‌ನಲ್ಲಿ ಅಷ್ಟನ್ನು ಇಳಿಸಿಕೊಳ್ಳುವುದು ಆಗದ ಮಾತಾಗಿತ್ತು.

ಇನ್ನು ಬೆಂಗಳೂರಿನ ಪಾಲು ನೋಡಲು, ಹೆಬ್ಬಾಳ ದಾಟಿ, ಮೇಖ್ರಿ ಸರ್ಕಲ್ ಕಡೆಯಿಂದ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬನ್ನಿ. ಅಲ್ಲಿನ ಕಂಪ್ಯೂಟರ್ ವಿಜ್ಞಾನಿಗಳಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತವರ ತಂಡದ ಜೊತೆ ಸೇರಿ ಸಿಂಪ್ಯೂಟರ್ ರೂಪಿಸಿದರು. 2001ರಲ್ಲಿ ಅದನ್ನು ಜನರ ಮುಂದಿಟ್ಟರು. ಅಂಗೈಯಗಲದ ಕಂಪ್ಯೂಟರ್, ಒಳಗೆ ಲಿನಕ್ಸ್. ಓದು ಬಾರದವರೂ ಬಳಸಲಿ ಎಂದು ಕನ್ನಡದಲ್ಲಿ ಮಾತಾಡುವ ತಂತ್ರಾಂಶ. ಇದರಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಸ್ಮಾರ್ಟ್ ಕಾರ್ಡ್. ಪ್ರತಿಯೊಬ್ಬರೂ ಕಂಪ್ಯೂಟರ್ ಕೊಳ್ಳಲಾರರು, ಹಾಗಾಗಿ ಊರಿಗೊಂದು ಯಂತ್ರವಿರಲಿ, ಅವರವರ ಮಾಹಿತಿ ಅವರವರ ಕಾರ್ಡ್‌ನಲ್ಲಿರಲಿ ಎಂಬುದು ಅವರ ಲೆಕ್ಕ. ಕಾರ್ಡ್ ತೂರಿಸಿದಾಗ ಯಂತ್ರ ನಿಮ್ಮದು, ತೆಗೆದರೆ ಮುಂದಿನವರದು. 2004ರಲ್ಲಿ ನಮ್ಮ ಬಿಇಎಲ್ ಇದನ್ನು ಅಮಿಡ ಹೆಸರಿನಲ್ಲಿ ತಯಾರಿಸಿತು. ಮಾರಾಟ ನಿರೀಕ್ಷೆಯಷ್ಟು ಆಗಲಿಲ್ಲ. ಅಷ್ಟಕ್ಕೇ ಅದನ್ನು ಸೋಲೆಂದು ಬದಿಗೆ ತಳ್ಳುವುದು ಅನ್ಯಾಯ. ಯಂತ್ರ ಹಂಚಿಕೊಂಡರೂ ಮಾಹಿತಿ ನನ್ನದಾಗಿಯೇ ಉಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಬಡವರ ಕಡೆಯಿಂದ ನಿಂತು ಕೇಳಿದ್ದು ಈ ಬೆಂಗಳೂರಿಗರು.

ಒಂದು ವ್ಯತ್ಯಾಸ ಮಾತ್ರ ನೆನಪಿಡಿ: ಕಾರ್ಡ್‌ನಲ್ಲಿದ್ದದ್ದು ಮಾಹಿತಿ, ಲಿನಕ್ಸ್ ಯಂತ್ರದಲ್ಲೇ ಇರುತ್ತಿತ್ತು.

ಲಿನಕ್ಸನ್ನೇ ಜೊತೆಗೆ ಒಯ್ಯುವ ಕೆಲಸ ಅದೇ ಹೊತ್ತಿಗೆ ಜರ್ಮನಿಯಲ್ಲಿ ನಡೆದಿತ್ತು. ಕ್ಲೌಸ್ ಕ್ನಾಪರ್ ಅವರ ಕ್ನಾಪಿಕ್ಸ್ ಸುಮಾರು 2 ಜಿಬಿ ತಂತ್ರಾಂಶವನ್ನು ಕುಗ್ಗಿಸಿ 700 ಎಂಬಿ ಸಿಡಿಯಲ್ಲಿ ಕೂರಿಸಿತು. ಯಾವ ಕಂಪ್ಯೂಟರಿಗೆ ಹಾಕಿದರೂ ಅದರ ಹಾರ್ಡ್‌ವೇರನ್ನು ತಾನೇ ಗುರುತಿಸಿಕೊಳ್ಳುತ್ತಿತ್ತು. ಸಿಡಿಗೆ ಒಂದು ಕೊರತೆ ಇತ್ತು: ಕಂಪ್ಯೂಟರ್ ಆಫ್ ಮಾಡಿದರೆ ಮಾಡಿದ ಕೆಲಸ ಹೋಯಿತು. ಮತ್ತೆ ಮತ್ತೆ ಬರೆಯಬಹುದಾದ ಪೆನ್ ಡ್ರೈವ್ ಅದನ್ನು ನೀಗಿಸಿತು. ಯುಎಸ್‌ಬಿ 2.0ರ ವೇಗ ಸೆಕೆಂಡಿಗೆ 480 ಮೆಗಾಬಿಟ್. 2008ರ ಯುಎಸ್‌ಬಿ 3.0ರಲ್ಲಿ 5 ಗಿಗಾಬಿಟ್. ಹೊರಗಿನ ಡ್ರೈವ್‌ನಿಂದ ದಿನನಿತ್ಯದ ಕೆಲಸ ಸಲೀಸಾಗಿದ್ದು ಈ ವೇಗದ ಜೊತೆ ಎಸ್‌ಎಸ್‌ಡಿ ಬಂದಾಗ. ಸಾಧಾರಣ ಪೆನ್ ಡ್ರೈವ್ ಚಿಕ್ಕ ಚಿಕ್ಕ ಬರವಣಿಗೆಗೆ ತೀರಾ ನಿಧಾನ, ಬೇಗ ಸವೆಯುತ್ತದೆ. ದಿನನಿತ್ಯದ ಬಳಕೆಗೆ ಎಸ್‌ಎಸ್‌ಡಿಯನ್ನೇ ಕೊಳ್ಳಿ.

ಇನ್ನು ಆ ಡ್ರೈವ್‌ಗೆ ಲಿನಕ್ಸ್ ಹಾಕುವಾಗ ಎಲ್ಲರೂ ಎಡವುವ ಜಾಗ ಬೂಟ್‌ಲೋಡರ್, ಅಂದರೆ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪುಟ್ಟ ತಂತ್ರಾಂಶ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ, ಆನ್ ಮಾಡಿದೊಡನೆ ಮೊದಲು ಏಳುವ ಯುಇಎಫ್‌ಐ ಎಂಬ ತಂತ್ರಾಂಶ ಇರುತ್ತದೆ. ಅದು ಇಎಫ್‌ಐ ಎಂಬ ಪುಟ್ಟ ವಿಭಾಗದಲ್ಲಿ ಬೂಟ್‌ಲೋಡರ್ ಹುಡುಕುತ್ತದೆ. ನೀವು ಲಿನಕ್ಸಿಗೆ ಹೊರಗಿನ ಡ್ರೈವನ್ನೇ ಆರಿಸಿದರೂ, ಕೆಲವು ಇನ್‌ಸ್ಟಾಲರ್‌ಗಳು ಬೂಟ್‌ಲೋಡರನ್ನು ಒಳಗಿನ ಡಿಸ್ಕಿನ ಇಎಫ್‌ಐ ವಿಭಾಗದಲ್ಲಿ ಬರೆದುಬಿಡುತ್ತವೆ. ಆಮೇಲೆ ಡ್ರೈವ್ ಕಿತ್ತು ಲ್ಯಾಪ್‌ಟಾಪ್ ಆನ್ ಮಾಡಿದರೆ ವಿಂಡೋಸ್ ಬದಲು ಲಿನಕ್ಸಿನ ಬೂಟ್‌ಲೋಡರ್ ಆದ ಗ್ರಬ್‌ನ ಕಪ್ಪು ಪರದೆ ಬರಬಹುದು. ಆ ಡ್ರೈವನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಲಿನಕ್ಸೂ ಏಳುವುದಿಲ್ಲ. ಹೊರಗಿನ ಡ್ರೈವ್‌ಗೆ ಅದರದ್ದೇ ಇಎಫ್‌ಐ ವಿಭಾಗ ಮಾಡಿ, ಬೂಟ್‌ಲೋಡರ್ ಅಲ್ಲೇ ಕೂತಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಒಳಗಿನ ಡಿಸ್ಕನ್ನು ಯುಇಎಫ್‌ಐ ಸೆಟ್ಟಿಂಗ್‌ನಲ್ಲಿ ತಾತ್ಕಾಲಿಕವಾಗಿ ಆಫ್ ಮಾಡಲು ಬಂದರೆ ಅದು ಇನ್ನೂ ಸುರಕ್ಷಿತ ದಾರಿ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಅನುಮತಿ ಇಲ್ಲದೆ ಕೈ ಹಾಕಬೇಡಿ. ಮನೆಯದಾದರೆ, ಫೈಲುಗಳ ಬ್ಯಾಕಪ್ ತೆಗೆಯಿರಿ. ಯುಇಎಫ್‌ಐನ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾಯಿಸಿದರೆ ವಿಂಡೋಸ್, ಡಿಸ್ಕಿನ ಬೀಗ ತೆರೆಯುವ ಬಿಟ್‌ಲಾಕರ್ ಕೀ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಂಡು, ಆಮೇಲೆ ಕೆಲಸ ಶುರು ಮಾಡಿ.