ಹಣದ ಮಿತಿಯೊಳಗೆ ಆಟದ ಕಂಪ್ಯೂಟರು



ಮಗನಿಗೋ ಮಗಳಿಗೋ ಕಾಲೇಜಿನಲ್ಲಿ ಪ್ರವೇಶ ದೊರೆತು, ಮನೆಯಲ್ಲಿ ಇನ್ನು ಮೇಲೆ ಕಂಪ್ಯೂಟರು ಇರಲೇಬೇಕೆಂಬ ಮಾತು ಹೊರಟು, ಅದರಲ್ಲಿ ಪಾಠದ ಜೊತೆಗೆ ಆಟವೂ ನಡೆಯಬೇಕೆಂಬ ಬಯಕೆ ಸಂಕೋಚದಿಂದಲೇ ಹೊರಬಿದ್ದಾಗ, ಜತ್ತದ ಒಕ್ಕಲಿನ ಮನೆಯಾಗಲಿ ಮಿರಜದ ರೈಲ್ವೆ ನೌಕರರ ಮನೆಯಾಗಲಿ, ಹಿರಿಯರು ಮೊದಲು ಕೇಳುವುದು ಎಷ್ಟಾಗುತ್ತದೆ ಎಂದು. ಕೇಳುವುದು ಸಹಜವೇ. ಆದರೆ ಅರಿಸಿನ ಮಾರಿ ಬಂದ ಹಣದಲ್ಲಿ ಅರವತ್ತು ಸಾವಿರ ರೂಪಾಯಿಗಳನ್ನು ತೆಗೆದಿರಿಸಿದ ಮೇಲೆ, ಆ ಯಂತ್ರ ಐದಾರು ವರ್ಷ ನೆಮ್ಮದಿಯಿಂದ ನಡೆಯುವುದೋ ಆರು ತಿಂಗಳಲ್ಲಿ ಬೇಸರ ತರುವುದೋ ಎಂಬುದು ಮೊತ್ತಕ್ಕಿಂತಲೂ ಹೆಚ್ಚಾಗಿ ಆ ಮೊತ್ತವನ್ನು ಯಾವ ಭಾಗಕ್ಕೆ ಎಷ್ಟು ಹಂಚಿದೆವೆಂಬುದನ್ನು ಅವಲಂಬಿಸಿರುತ್ತದೆ. ಆ ಹಂಚಿಕೆಯ ವಿಚಾರವನ್ನೇ ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಜತ್ತ ತಾಲೂಕಿನಿಂದ ಬಂದು ಸಾಂಗಲಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ, ನಮ್ಮ ಬಂಧುಗಳ ಪೈಕಿಯ ತರುಣನೊಬ್ಬನು ಅಂಗಡಿಯೊಂದರಲ್ಲಿ ಬರೆಯಿಸಿ ತಂದ ಕೊಟೇಶನ್ ಚೀಟಿಯನ್ನು ಈಚೆಗೆ ನನಗೆ ತೋರಿಸಿದನು. ಮೇಲ್ಗಡೆ ದಪ್ಪಕ್ಷರದಲ್ಲಿ ಐ-7 ಗೇಮಿಂಗ್ ಪಿಸಿ ಎಂದಿತ್ತು. ಅದರ ಕೆಳಗೆ 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡು, ಬಣ್ಣದ ದೀಪದ ನಾಲ್ಕು ಫ್ಯಾನುಗಳುಳ್ಳ ಗಾಜಿನ ಕ್ಯಾಬಿನೆಟ್. ಎಲ್ಲಕ್ಕೂ ಕೊನೆಯಲ್ಲಿ, ಯಾವ ಕಂಪನಿಯ ಹೆಸರೂ ಇಲ್ಲದೆ, ಎಸ್‌ಎಂಪಿಎಸ್ 500 ವ್ಯಾಟ್ ಎಂದು. ಪ್ರೊಸೆಸರು ಯಾವ ಪೀಳಿಗೆಯದೆಂದು ವಿಚಾರಿಸಿಕೊಂಡು ಬರಹೇಳಿದಾಗ, ಅದು 2012ರಲ್ಲಿ ಹೊರಬಂದ 3770 ಎಂಬುದೂ, ಗ್ರಾಫಿಕ್ಸ್ ಕಾರ್ಡು 2014ರ ಜಿಟಿ 730 ಎಂಬುದೂ ತಿಳಿದುಬಂದವು. ಐ-7 ಎಂಬುದು ದರ್ಜೆಯನ್ನು ಹೇಳುತ್ತದೆಯೇ ಹೊರತು ಪ್ರಾಯವನ್ನು ಹೇಳುವುದಿಲ್ಲ. 2022ರಲ್ಲಿ ಬಂದ ಐ-3 12100 ಎಂಬ ಕಿರಿಯ ದರ್ಜೆಯ ಪ್ರೊಸೆಸರಿನಲ್ಲಿಯೂ ಆ ಹಳೆಯ ಐ-7ರಲ್ಲಿರುವಷ್ಟೇ ನಾಲ್ಕು ಕೋರುಗಳಿದ್ದು, ಅದರ ಒಂದೊಂದು ಕೋರೂ ಹಳೆಯದಕ್ಕಿಂತ ಬಹಳ ಹೆಚ್ಚಿನ ಕೆಲಸವನ್ನು ಮಾಡುತ್ತದೆ. ಮೇಲಾಗಿ ವಿಂಡೋಸ್ 11 ಆ ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಅಂಗೀಕರಿಸುವುದಿಲ್ಲ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವಾದರೋ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು. ಇನ್ನು ಕಾರ್ಡಿನ 4 ಜಿಬಿ ಎಂಬುದು ಚಿತ್ರಗಳನ್ನು ಇಟ್ಟುಕೊಳ್ಳುವ ಸ್ಥಳದ ಪ್ರಮಾಣವೇ ಹೊರತು ಚಿತ್ರ ಬರೆಯುವ ವೇಗದ ಪ್ರಮಾಣವಲ್ಲ. ಹುಡುಗನ ಬುದ್ಧಿಗೆ ಕೊರತೆಯಿರಲಿಲ್ಲ. ಅಂಗಡಿಯ ಚೀಟಿಯನ್ನು ಓದುವ ಕ್ರಮವನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಆಯ್ಕೆಯನ್ನು ಪ್ರಾರಂಭಿಸತಕ್ಕದ್ದು ಪರದೆಯಿಂದ, ಅಂದರೆ ಮಾನಿಟರಿನಿಂದ. ಸಾಮಾನ್ಯವಾದ 1080ರ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. 4ಕೆ ಎನ್ನುವ ಪರದೆಯಲ್ಲಿ ಇದರ ನಾಲ್ಕು ಪಟ್ಟು. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದು ಚಿತ್ರಕ್ಕೆ ಹದಿನಾರೂವರೆ ಮಿಲಿಸೆಕೆಂಡಿನಷ್ಟು ಅವಕಾಶ ದೊರೆಯುತ್ತದೆ. 144 ಮೂಡಬೇಕಾದರೆ ಏಳೇ ಮಿಲಿಸೆಕೆಂಡು. ಇಷ್ಟು ಬಿಂದುಗಳಿಗೆ ಇಷ್ಟು ಅವಧಿಯೊಳಗೆ ಬಣ್ಣ ತುಂಬುವ ಹೊಣೆ ಗ್ರಾಫಿಕ್ಸ್ ಕಾರ್ಡಿನದು. ಆಟಗಾರನು ಎಲ್ಲಿ ನಿಂತಿದ್ದಾನೆ, ಎದುರಾಳಿ ಯಾವ ಗೋಡೆಯ ಹಿಂದಿದ್ದಾನೆ, ಗುಂಡು ತಾಗಿತೋ ಇಲ್ಲವೋ ಎಂಬುದನ್ನೆಲ್ಲ ಗಣಿಸಿ ಕಾರ್ಡಿಗೆ ಒಪ್ಪಿಸುವ ಹೊಣೆ ಪ್ರೊಸೆಸರಿನದು. ಒಂದು ತಡಮಾಡಿದರೆ ಇನ್ನೊಂದು ಕಾದು ಕುಳಿತುಕೊಳ್ಳಬೇಕಾಗುತ್ತದೆ. ಮನೆಯಲ್ಲಿ ಈಗಾಗಲೇ ಹಳೆಯ ಯಂತ್ರವಿದ್ದವರು ಇದನ್ನು ತಾವೇ ಪರೀಕ್ಷಿಸಬಹುದು: ಆಟದ ಸೆಟ್ಟಿಂಗಿನಲ್ಲಿ ರೆಸಲ್ಯೂಶನ್ನನ್ನು, ಅಂದರೆ ಬಿಂದುಗಳ ಸಂಖ್ಯೆಯನ್ನು, ಇಳಿಸಿದಾಗ ಆಟ ಸರಾಗವಾದರೆ ಕೊರತೆ ಕಾರ್ಡಿನದು; ಇಳಿಸಿದರೂ ತಡವರಿಕೆ ಮೊದಲಿನಂತೆಯೇ ಇದ್ದರೆ ಬಹುಮಟ್ಟಿಗೆ ಕೊರತೆ ಪ್ರೊಸೆಸರಿನದು.

ಮಿರಜದ ಸಿತಾರು ಮಾಡುವ ಮನೆತನಗಳ ಕುಶಲಕರ್ಮಿಗಳು ಕೆಲಸ ಮಾಡುವುದನ್ನು ನೋಡಿದವರಿಗೆ ಈ ಹೊಂದಾಣಿಕೆಯ ತತ್ತ್ವವನ್ನು ವಿವರಿಸಬೇಕಾದುದೇ ಇಲ್ಲ. ಪಂಢರಪುರದ ಕಡೆಯಿಂದ ಬಂದ ಒಣಗಿದ ಸೋರೆಬುರುಡೆಗಳಲ್ಲಿ ಒಂದನ್ನು ಆರಿಸಿ, ಅದರ ಸುತ್ತಳತೆಗೆ ತಕ್ಕಂತೆ ಮರವನ್ನು ಕೊಯ್ದು, ಆ ಮರದ ದಂಡಿಗೆ ತಾಳುವಂತೆ ತಂತಿಯನ್ನು ಬಿಗಿಯುವ ಅವರು, ಅತ್ಯುತ್ತಮವಾದ ತಂತಿಯೊಂದು ದೊರೆಯಿತೆಂಬ ಕಾರಣದಿಂದ ಸಣ್ಣ ಬುರುಡೆಯಲ್ಲಿ ದೊಡ್ಡ ನಾದವನ್ನು ನಿರೀಕ್ಷಿಸುವುದಿಲ್ಲ.

ಆದುದರಿಂದ ಹಣ ಮಿತವಾಗಿರುವ ಮನೆಗೆ 1080ರ ಪರದೆಯೇ ಯುಕ್ತವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಪರದೆಗೆ 2021ರ ಆರ್‌ಎಕ್ಸ್ 6600, ಅದೇ ವರ್ಷದ ಆರ್‌ಟಿಎಕ್ಸ್ 3060, 2023ರ ಆರ್‌ಟಿಎಕ್ಸ್ 4060, ಇವುಗಳ ದರ್ಜೆಯ ಕಾರ್ಡು ಸಾಕು. ಮಾನಿಟರನ್ನು ಬಿಟ್ಟು ಉಳಿದ ಹಣದಲ್ಲಿ ಮೂರನೆಯ ಒಂದು ಪಾಲನ್ನು, ಸಾಧ್ಯವಾದರೆ ಇನ್ನೂ ಸ್ವಲ್ಪ ಹೆಚ್ಚನ್ನು, ಕಾರ್ಡಿಗೇ ಮೀಸಲಿಡಬೇಕು. ಪ್ರೊಸೆಸರು ರೈಜೆನ್ 5 5600, ಐ-5 12400ಎಫ್ ಮೊದಲಾದ ಆರು ಕೋರಿನದಾದರೆ ಒಳ್ಳೆಯದು. ಐ-5ರ ಹೆಸರಿನ ಕೊನೆಯ ಎಫ್ ಅಕ್ಷರದ ಅರ್ಥವೇನೆಂದರೆ, ಆ ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಭಾಗವಿಲ್ಲ. ಕಾರ್ಡನ್ನು ಮುಂದಿನ ವರ್ಷ ಕೊಳ್ಳೋಣವೆನ್ನುವವರು ಎಫ್ ಇಲ್ಲದ ಐ-5ನ್ನೇ ಆರಿಸತಕ್ಕದ್ದು. ಮದರ್‌ಬೋರ್ಡಿಗೆ ಹೆಚ್ಚು ಹಣ ಬೇಡ, ಆದರೆ ಪ್ರೊಸೆಸರಿನ ಸಾಕೆಟ್ಟಿಗೂ ರ‍್ಯಾಮಿನ ಜಾತಿಗೂ ಅದು ಹೊಂದಲೇಬೇಕು: ಡಿಡಿಆರ್4ರ ಸ್ಥಾನದಲ್ಲಿ ಡಿಡಿಆರ್5 ಕೂಡುವುದಿಲ್ಲ. ರ‍್ಯಾಮನ್ನು 16 ಜಿಬಿಯ ಒಂದೇ ಪಟ್ಟಿಯಾಗಿ ಕೊಳ್ಳುವುದಕ್ಕಿಂತ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಂಡರೆ ದತ್ತಾಂಶಕ್ಕೆ ಎರಡು ಹಾದಿಗಳು ತೆರೆದು ಆಟ ಚುರುಕಾಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯ ಕಾರಣದಿಂದ, ರ‍್ಯಾಮಿನ ಬೆಲೆ ವಿಪರೀತವಾಗಿ ಏರಿತು. ಹಳೆಯ ಚೀಟಿಯ ಬೆಲೆಯನ್ನು ನಂಬಿ ಹೊರಡದೆ ಆ ದಿನದ ದರವನ್ನು ಕೇಳಿಕೊಂಡು ಹೊರಡುವುದು ಕ್ಷೇಮ.

ನಾನು ಅತ್ಯಂತ ಒತ್ತಿ ಹೇಳಬೇಕೆಂದಿರುವುದು ಎಸ್‌ಎಂಪಿಎಸ್ಸಿನ ವಿಷಯ. ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5, 3.3 ವೋಲ್ಟುಗಳಿಗಿಳಿಸಿ ಎಲ್ಲ ಭಾಗಗಳಿಗೂ ಉಣಿಸುವ ಈ ಪೆಟ್ಟಿಗೆ ಕಣ್ಣಿಗೆ ಕಾಣಿಸುವುದಿಲ್ಲ, ಅಂದ ಕೊಡುವುದಿಲ್ಲ. ಹೀಗಾಗಿ ಚೀಟಿಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಲೆಕ್ಕ ಹಾಕಿದರೆ 4060 ಕಾರ್ಡಿಗೆ 115 ವ್ಯಾಟು, 12400ಎಫ್ ಪ್ರೊಸೆಸರಿಗೆ ಹೆಚ್ಚೆಂದರೆ 117, ಉಳಿದುದಕ್ಕೆಲ್ಲ ಅರವತ್ತು ಎಪ್ಪತ್ತು, ಒಟ್ಟು ಮುನ್ನೂರರ ಆಸುಪಾಸಿನಲ್ಲಿ ಮುಗಿಯುತ್ತದೆ. ಹೆಸರಾಂತ ಕಂಪನಿಯ 550 ವ್ಯಾಟಿನದೊಂದು ಧಾರಾಳವಾಗಿ ಸಾಕು. ಹೆಸರಿಲ್ಲದ ಪೆಟ್ಟಿಗೆಯ ಮೇಲೆ ಅಚ್ಚಾದ 500 ಎಂಬ ಅಂಕಿಗೆ ಮಾತ್ರ ಯಾವ ಹೊಣೆಗಾರನೂ ಇಲ್ಲ. 80 ಪ್ಲಸ್ ಮುದ್ರೆ ವಿದ್ಯುತ್ತು ಎಷ್ಟು ಪೋಲಾಗುವುದೆಂಬುದನ್ನಷ್ಟೇ ಹೇಳುತ್ತದೆ. ವೋಲ್ಟೇಜು ಮಿತಿಮೀರಿದಾಗಲೂ ಶಾರ್ಟ್ ಆದಾಗಲೂ ತಾನೇ ನಿಂತುಹೋಗುವ ರಕ್ಷಣೆ ಅದರಲ್ಲಿದೆಯೇ ಎಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು. ನಮ್ಮ ಸೀಮೆಯಲ್ಲಿ ಇದು ಏತಕ್ಕೆ ಮುಖ್ಯವೆಂದರೆ, ಕಬ್ಬಿಗೂ ದ್ರಾಕ್ಷಿಗೂ ನೀರೆತ್ತುವ ಮೋಟಾರುಗಳು ಒಮ್ಮೆಲೇ ಚಾಲೂ ಆದಾಗ ಹಳ್ಳಿಯ ಮನೆಯ ದೀಪ ಮಂಕಾಗುವಷ್ಟು ವೋಲ್ಟೇಜು ಇಳಿಯುತ್ತದೆ, ಅವು ನಿಂತಾಗ ಏರುತ್ತದೆ. ಆಕ್ಟಿವ್ ಪಿಎಫ್‌ಸಿ ಇರುವ ಒಳ್ಳೆಯ ಎಸ್‌ಎಂಪಿಎಸ್ಸುಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟಿನವರೆಗೆ ಸಹಿಸಿಕೊಳ್ಳುತ್ತವೆ; ಆದರೆ ಅಂಥವನ್ನು ಇನ್ವರ್ಟರಿಗೆ ಜೋಡಿಸುವುದಾದರೆ ಅದು ಶುದ್ಧ ಸೈನ್ ತರಂಗದ್ದಾಗಿರಬೇಕು. ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದಾಗ ಬೆರಳಿಗೆ ಜುಮ್ಮೆಂದರೆ ಅದನ್ನು ಅಲಕ್ಷಿಸಲಾಗದು. ಬಹುಶಃ ಆ ಮನೆಯ ಸಾಕೆಟ್ಟಿನ ಮೂರನೆಯ ಪಿನ್ನಿಗೆ ಅರ್ಥಿಂಗ್ ಇರುವುದಿಲ್ಲ. ಎಲೆಕ್ಟ್ರೀಶಿಯನ್ನರನ್ನು ಕರೆಯಿಸಿ ಅದನ್ನು ಸರಿಪಡಿಸಿಕೊಂಡ ಮೇಲೆಯೇ ಯಂತ್ರವನ್ನು ನಡೆಸುವುದು ವಿಹಿತ.

ಸೆಕೆಂಡ್ ಹ್ಯಾಂಡ್ ಸಾಮಾನು ಬೇಡವೇ ಬೇಡವೆಂದು ನಾನು ಹೇಳಲಾರೆ. ಬಡವರ ಮನೆಯ ಮಕ್ಕಳಿಗೆ ಅದೇ ದಾರಿಯಾಗಿರಬಹುದು. ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದು, 2022ರ ಸೆಪ್ಟೆಂಬರ್ 15ರಂದು ಅದು ನಿಂತುಹೋದ ತರುವಾಯ, ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಅಂಥದನ್ನು ಕೊಳ್ಳುವ ಮುನ್ನ ಅರ್ಧ ಗಂಟೆ ಪೂರ್ಣ ಭಾರದಲ್ಲಿ ನಡೆಯಿಸಿ, ಫ್ಯಾನಿನ ಶಬ್ದವನ್ನು ಕೇಳಿ, ಉಷ್ಣತೆಯ ಅಂಕಿಯನ್ನು ನೋಡಬೇಕು. ಇನ್ನೊಂದು ಎಚ್ಚರಿಕೆ ನಮ್ಮ ಊರಿಗೇ ವಿಶೇಷವಾದುದು. 2019ರ ಆಗಸ್ಟಿನಲ್ಲಿ ಸಾಂಗಲಿಯ ಅಯರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿಯನ್ನು ದಾಟಿ ಪೇಟೆಯೊಳಕ್ಕೆ ನುಗ್ಗಿದಳು. 2021ರ ಜುಲೈಯಲ್ಲಿ ಮತ್ತೆ ಮಹಾಪೂರ ಬಂದಿತು. ನೀರು ಕಂಡ ಮದರ್‌ಬೋರ್ಡು ಒಣಗಿಸಿದ ಮೇಲೆ ನಡೆದರೂ ನಡೆಯಬಹುದು. ಆದರೆ ಸ್ಕ್ರೂ ತೂತಿನ ಅಂಚಿನಲ್ಲಿ ಹಸುರು ಕಿಲುಬು, ಯುಎಸ್‌ಬಿ ಕಿಂಡಿಯ ಒಳಗೋಡೆಯಲ್ಲಿ ತುಕ್ಕು, ರ‍್ಯಾಮ್ ಕೂರಿಸುವ ಸಂದಿನಲ್ಲಿ ನುಣುಪಾದ ಹೊಳೆಮಣ್ಣು ಕಂಡುಬಂದರೆ, ಬೆಲೆ ಎಷ್ಟು ಕಡಿಮೆಯಾದರೂ ಅದನ್ನು ಮುಟ್ಟಬಾರದು.

ಕ್ಯಾಬಿನೆಟ್ಟಿನ ವಿಚಾರದಲ್ಲಿ ಹೇಳತಕ್ಕದ್ದು ಸ್ವಲ್ಪ: ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರಲಿ, ಏಕೆಂದರೆ ಬೇಸಗೆಯಲ್ಲಿ ಕೋಣೆಯ ಗಾಳಿಯೇ ನಲವತ್ತು ಡಿಗ್ರಿಯ ಹತ್ತಿರಕ್ಕೆ ಬರುವ ಸೀಮೆಯಲ್ಲಿ ಒಳಗಿನ ಬಿಸಿ ಹೊರಹೋಗಲು ದಾರಿ ಬೇಕು. ಬಿಲ್ಲಿನ ಮೇಲೆ ಪ್ರತಿಯೊಂದು ಭಾಗದ ಸೀರಿಯಲ್ ನಂಬರನ್ನೂ ಬರೆಯಿಸಿಕೊಳ್ಳಬೇಕು. ಬಿಲ್ಲಿಲ್ಲದೆ ಕೊಟ್ಟರೆ ಶೇಕಡಾ 18ರ ಜಿಎಸ್‌ಟಿ ಉಳಿಯುತ್ತದೆಂಬ ಮಾತಿಗೆ ಒಪ್ಪಿಕೊಂಡವರು ವಾರಂಟಿಯನ್ನೂ ಅಲ್ಲಿಯೇ ಬಿಟ್ಟುಬಂದಂತಾಗುತ್ತದೆ.

ಯಂತ್ರ ಮನೆಗೆ ಬಂದ ದಿನ ಮಾನಿಟರಿನ ಕೇಬಲ್ಲನ್ನು ಮದರ್‌ಬೋರ್ಡಿನ ಮೇಲಿನ ಕಿಂಡಿಗೆ ಚುಚ್ಚದೆ, ಅದರ ಕೆಳಗೆ ಅಡ್ಡಲಾಗಿ ಕೂತಿರುವ ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಚುಚ್ಚಬೇಕು. ಚಿತ್ರ ಮೂಡಿಸುವ ಭಾಗವಿಲ್ಲದ ಪ್ರೊಸೆಸರಾದರೆ ಮೇಲಿನ ಕಿಂಡಿಯಲ್ಲಿ ಚಿತ್ರವೇ ಬಾರದಿರುವುದರಿಂದ ತಪ್ಪು ಕೂಡಲೇ ತಿಳಿಯುತ್ತದೆ; ಆ ಭಾಗವುಳ್ಳದ್ದಾದರೆ ಚಿತ್ರ ಬರುತ್ತದೆ, ಆಟವೂ ತೆರೆಯುತ್ತದೆ, ಅಷ್ಟು ಹಣ ತೆತ್ತ ಕಾರ್ಡು ಮಾತ್ರ ಸುಮ್ಮನೆ ಕುಳಿತಿರುತ್ತದೆ. ಆಮೇಲೆ ಬಯಾಸ್ ಎಂಬ ಮೂಲ ಸೆಟ್ಟಿಂಗಿನಲ್ಲಿ, ಪೂರ್ಣ ವೇಗ ದೊರೆಯುವಂತೆ, ರ‍್ಯಾಮಿನ ಎಕ್ಸ್‌ಎಂಪಿಯನ್ನು ಚಾಲೂ ಮಾಡಿ, ಪರದೆ ಸೆಕೆಂಡಿಗೆ 144 ಚಿತ್ರಗಳದಾಗಿದ್ದರೆ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ, ಅಲ್ಲಿ 60 ಎಂದೇ ಉಳಿದಿರಬಹುದಾದ ಅಂಕಿಯನ್ನು 144ಕ್ಕೆ ಬದಲಾಯಿಸಿಕೊಳ್ಳತಕ್ಕದ್ದು.