ಕಾಲುವೆ ನೀರು, ಮೆದುಳು ಜ್ವರ ಮತ್ತು ಒಂದು ಜೀವಕೋಶದ ಕತೆ



ಸಿಂಧನೂರು ತಾಲ್ಲೂಕಿನ ತುರ್ವಿಹಾಳದ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆಂದರೆ ಊರಿನ ಮಾತೆಲ್ಲ ನಾಟಿಯದೇ. ಹಿರಿಯರು ಜೋಳ, ಹತ್ತಿ ಬೆಳೆದ ಎರಿ ಹೊಲಗಳಲ್ಲಿ ಈಗ ಭತ್ತ. ಆ ಭತ್ತದ ನಿಂತ ನೀರಿನಲ್ಲೇ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಮರಿ ಮಾಡುತ್ತದೆ. ಕೊಕ್ಕರೆ, ಹಂದಿಗಳ ಮೈಯಲ್ಲಿ ಬೆಳೆಯುವ ಒಂದು ವೈರಸ್ಸನ್ನು ಅದು ಮಕ್ಕಳಿಗೆ ತಂದು ಅಂಟಿಸುತ್ತದೆ. ನಾವು ಮೆದುಳು ಜ್ವರ ಎನ್ನುವುದು ಅದನ್ನೇ. ವೈದ್ಯರು ಜಪಾನೀಸ್ ಎನ್ಸೆಫಲೈಟಿಸ್ ಎನ್ನುತ್ತಾರೆ. ರಾಯಚೂರು, ಬಳ್ಳಾರಿ, ಕೊಪ್ಪಳದ ನೀರಾವರಿ ಸೀಮೆಗೆ ಇದು ಹೊಸದಲ್ಲ.

ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗಷ್ಟೇ ರೋಗ ತೀವ್ರವಾಗುತ್ತದೆ. ಆ ಒಬ್ಬರಲ್ಲಿ ವೈರಸ್ಸು ರಕ್ತದಿಂದ ಮೆದುಳಿಗೆ ದಾಟಿರುತ್ತದೆ. ದಾಟಿದ್ದು ಹೇಗೆ? ಈ ಪ್ರಶ್ನೆ ಬೆನ್ನು ಹತ್ತಿದವರೆಲ್ಲ ಕೊನೆಗೆ ಬಂದು ನಿಲ್ಲುವುದು ಮೆದುಳಿನ ಕಿರು ರಕ್ತನಾಳಗಳ ಒಳಪದರದ ಜೀವಕೋಶದ ಮುಂದೆ. ಅದರ ಚರಿತ್ರೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ.

1885ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದರು. ಮೈಯ ಅಂಗಾಂಗಗಳೆಲ್ಲ ಬಣ್ಣ ಹಿಡಿದವು, ಮೆದುಳು ಮಾತ್ರ ಬೆಳ್ಳಗೆ ಉಳಿಯಿತು. ಮೆದುಳಿಗೆ ಬಣ್ಣ ಹಿಡಿಯುವ ಗುಣವೇ ಇಲ್ಲವೆಂದುಕೊಂಡರು ಎರ್ಲಿಕ್. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಪ್ರಯೋಗವನ್ನು ತಿರುವಿ ಹಾಕಿದರು. ಬಣ್ಣವನ್ನು ರಕ್ತಕ್ಕೆ ಬಿಡದೆ, ಮೆದುಳನ್ನು ಸುತ್ತುವರಿದ ದ್ರವಕ್ಕೇ ಚುಚ್ಚಿದರು. ಮೆದುಳು ನೀಲಿಯಾಯಿತು, ಮೈ ಆಗಲಿಲ್ಲ. ಅಂದರೆ ನಡುವೆ ಏನೋ ಅಡ್ಡ ಇದೆ.

ಆ ಅಡ್ಡಗೋಡೆಯನ್ನು ಜೀವಮಾನವಿಡೀ ಬೆನ್ನು ಹತ್ತಿದವರು ಲೀನಾ ಸ್ಟರ್ನ್. ಈ ಕತೆಯಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಮೆಚ್ಚುಗೆಯಾದವರೂ ಅವರೇ. ಜಿನೀವಾ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕಿ. 1925ರಲ್ಲಿ ಮಾಸ್ಕೋಗೆ ಹೋದರು. 1939ರಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯಾದರು. ರಕ್ತಕ್ಕೆ ಕೊಟ್ಟ ಔಷಧ ಗೋಡೆ ದಾಟದಿದ್ದರೆ ನೇರವಾಗಿ ಮೆದುಳಿನ ದ್ರವಕ್ಕೇ ಕೊಡೋಣ ಎಂಬುದು ಅವರ ವಾದ. ಕ್ಷಯ ಮೆದುಳಿಗೇರಿ ಸಾವಿನಂಚಿಗೆ ಬಂದ ಮಕ್ಕಳಿಗೆ ಹಾಗೆಯೇ ಸ್ಟ್ರೆಪ್ಟೊಮೈಸಿನ್ ಕೊಡಿಸಿದರು. ಅಂಥವರನ್ನು 1949ರಲ್ಲಿ ಸ್ಟಾಲಿನ್ ಸರ್ಕಾರ ಜೈಲಿಗೆ ಹಾಕಿತು. 1952ರಲ್ಲಿ ಅವರ ಜೊತೆ ತೀರ್ಪು ಕೇಳಿದ ಹದಿಮೂರು ಮಂದಿಗೆ ಗುಂಡಿಕ್ಕಿದರು. ಸ್ಟರ್ನ್ ಅವರನ್ನು ಮಾತ್ರ ಕಜಾಕಸ್ತಾನಕ್ಕೆ ಗಡೀಪಾರು ಮಾಡಿದರು. ಸ್ಟಾಲಿನ್ ಸತ್ತ ಮೇಲೆ ಮರಳಿ ಬಂದು ಮತ್ತೆ ಕೆಲಸ ಹಿಡಿದರು.

ಇಷ್ಟಾದರೂ ಗೋಡೆ ಯಾವುದೆಂದು ಯಾರೂ ಕಣ್ಣಾರೆ ಕಂಡಿರಲಿಲ್ಲ. 1967ರಲ್ಲಿ ರೀಸ್ ಮತ್ತು ಕಾರ್ನೋವ್‌ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ತೋರಿಸಿದರು. ಮೈಯ ಬೇರೆಡೆ ರಕ್ತನಾಳದ ಕೋಶಗಳ ನಡುವೆ ಸಂದುಗಳಿರುತ್ತವೆ. ಮೆದುಳಿನಲ್ಲಿ ಕಲ್ಲಿನ ಸಂದಿಗೆ ಗಾರೆ ಮೆತ್ತಿದ ಹಾಗೆ ಎಲ್ಲ ಮುಚ್ಚಿಹೋಗಿರುತ್ತವೆ. ಬರೀ ಮುಚ್ಚಿ ಕೂತಿಲ್ಲ, ಆರಿಸುವ ಕೆಲಸವನ್ನೂ ಈ ಕೋಶ ಮಾಡುತ್ತದೆ. ಸಕ್ಕರೆಯನ್ನು ಕರೆದು ಒಳಗೆ ಬಿಡುತ್ತದೆ, ಎಷ್ಟೋ ಔಷಧಗಳನ್ನು ಹಿಡಿದು ಮತ್ತೆ ರಕ್ತಕ್ಕೇ ತಳ್ಳುತ್ತದೆ. ಪಾರ್ಕಿನ್ಸನ್ ರೋಗಿಗೆ ಬೇಕಾದದ್ದು ಡೋಪಮೈನ್; ಅದಕ್ಕೆ ಇಲ್ಲಿ ಪ್ರವೇಶವಿಲ್ಲ, ಎಲ್-ಡೋಪಾಕ್ಕೆ ಇದೆ. ನಮ್ಮ ಬೇಲಿಗಳಲ್ಲಿ ಹಬ್ಬಿ, ಮುಟ್ಟಿದವರಿಗೆ ತುರಿಕೆ ಹತ್ತಿಸುವ ನಸುಗುನ್ನಿಯ ಬೀಜದಲ್ಲಿರುವುದು ಆ ಎಲ್-ಡೋಪಾವೇ!

1973ರಲ್ಲಿ ಹಂಗೆರಿಯ ಫೆರೆಂಟ್ಸ್ ಯೋ ಇಲಿಯ ಮೆದುಳಿನಿಂದ ಕಿರುನಾಳಗಳನ್ನು ಬಿಡಿಸಿ ತೆಗೆದರು. ಅಲ್ಲಿಂದ ಕೋಶಗಳನ್ನು ಗಾಜಿನ ಬಟ್ಟಲಲ್ಲಿ ಸಾಕುವ ಕಾಲ ಶುರುವಾಯಿತು, ಜೊತೆಗೆ ತೊಂದರೆಯೂ. ಅಕ್ಕಪಕ್ಕದ ಮೆದುಳಿನ ಕೋಶಗಳ ಸಹವಾಸ ತಪ್ಪಿದರೆ ಈ ಕೋಶ ತನ್ನ ಬಿಗಿಯನ್ನು ಬಿಡುತ್ತದೆ, ಕೆಲವು ತಲೆಮಾರು ಒಡೆದು ಮುದಿಯಾಗುತ್ತದೆ. ಮನುಷ್ಯನ ಕೋಶವಂತೂ ಸುಲಭವಾಗಿ ಸಿಗುವಂಥದ್ದಲ್ಲ. 2005ರಲ್ಲಿ ಬ್ಯಾಬೆಟ್ ವೆಕ್ಸ್ಲರ್, ಪಿಯೆರ್ ಒಲಿವಿಯೆ ಕುರೋ ಮತ್ತು ಸಂಗಡಿಗರು ಒಂದು ದಾರಿ ಹುಡುಕಿದರು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೆದುಳಿನ ತುಣುಕಿನಿಂದ ಕೋಶ ಪಡೆದು, ಅದಕ್ಕೆ ಎರಡು ಜೀನ್ ಸೇರಿಸಿ, ಮುದಿಯಾಗದೆ ಒಡೆಯುತ್ತಲೇ ಹೋಗುವ ತಳಿಯೊಂದನ್ನು ಮಾಡಿದರು. ಹೆಸರು ಎಚ್‌ಸಿಎಂಇಸಿ/ಡಿ3. ಅದನ್ನು ಹಲವು ದೇಶಗಳ ಪ್ರಯೋಗಾಲಯಗಳು ಬಳಸುತ್ತವೆ. ಆದರೆ ಅದರ ಗೋಡೆ ನಿಜವಾದ ಮೆದುಳಿನದರಷ್ಟು ಬಿಗಿಯಿಲ್ಲ. 2012ರಲ್ಲಿ ಅಮೆರಿಕದ ತಂಡವೊಂದು ಕಾಂಡಕೋಶಗಳಿಂದ ಬಲು ಬಿಗಿಯಾದ ಗೋಡೆ ಬೆಳೆಸಿತು. ಅವು ರಕ್ತನಾಳದ ಕೋಶಗಳೇ ಅಲ್ಲ, ಹೊದಿಕೆ ಅಂಗಾಂಶದ ಕೋಶಗಳನ್ನು ಹೋಲುತ್ತವೆ ಎಂದು 2021ರಲ್ಲಿ ಇನ್ನೊಂದು ತಂಡ ತಕರಾರು ತೆಗೆಯಿತು. ಬಟ್ಟಲಿನಲ್ಲಿ ಹೀಗಾಯಿತು ಎಂಬ ಸುದ್ದಿ ಓದಿದಾಗಲೆಲ್ಲ, ಯಾವ ಕೋಶದಲ್ಲಿ ಎಂದು ಕೇಳುವುದು ಒಳ್ಳೆಯದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಮೆದುಳು ಬ್ಯಾಂಕ್ ಶುರುವಾಯಿತು. ತೀರಿಕೊಂಡವರ ಮನೆಯವರು ಒಪ್ಪಿ ಕೊಟ್ಟ ಮೆದುಳುಗಳು ಅಲ್ಲಿವೆ. ಬಟ್ಟಲಲ್ಲಿ ಸಾಕುವ ಜೀವಂತ ಕೋಶಗಳಲ್ಲ ಅವು. ಆದರೆ ಬಟ್ಟಲಿನ ಕೋಶ ಹೇಳಿದ್ದು ನಿಜವೇ ಎಂದು ಒರೆಹಚ್ಚಲು ಇಂಥ ಮೆದುಳುಗಳೇ ಬೇಕು.

ಇನ್ನು ನಮ್ಮ ಜ್ವರಕ್ಕೆ ಬರೋಣ. ಗೋಡೆ ಒಡೆದ ಮೇಲೆ ವೈರಸ್ಸು ನುಗ್ಗುತ್ತದೆಂದು ಬಹುಕಾಲ ಅಂದುಕೊಂಡಿದ್ದರು. 2015ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದು ಉಲ್ಟಾ ಹೇಳಿತು: ವೈರಸ್ಸು ಮೊದಲೇ ಒಳಗೆ ಸೇರಿರುತ್ತದೆ, ಆಮೇಲೆ ಮೆದುಳಿನ ಉರಿಯೂತದ ರಾಸಾಯನಿಕಗಳು ಒಳಗಿನಿಂದಲೇ ಗೋಡೆಯನ್ನು ಸಡಿಲಿಸುತ್ತವೆ. ವೈರಸ್ಸನ್ನು ಕೊಲ್ಲುವ ಮದ್ದು ಈ ರೋಗಕ್ಕೆ ಇವತ್ತಿಗೂ ಇಲ್ಲ. ನಾಳೆ ಸಿಕ್ಕರೂ ಅದು ಇದೇ ಕೋಶವನ್ನು ದಾಟಿಯೇ ಹೋಗಬೇಕು.

ಲಸಿಕೆ ಮಾತ್ರ ಈ ಒಗಟು ಬಿಡಿಸಲು ಕಾಯಲಿಲ್ಲ. ಅದು ವೈರಸ್ಸನ್ನು ರಕ್ತದಲ್ಲೇ ತಡೆಯುತ್ತದೆ. 2013ರಲ್ಲಿ ಬಂದ ಜೆನ್ವ್ಯಾಕ್ ಎಂಬ ಭಾರತೀಯ ಲಸಿಕೆಗೆ ಬಳಸಿದ್ದು ನಮ್ಮ ಕೋಲಾರದ ರೋಗಿಯಿಂದ 1980ರ ದಶಕದ ಆರಂಭದಲ್ಲಿ ಬೇರ್ಪಡಿಸಿದ ವೈರಸ್ ತಳಿಯನ್ನು. ರಾಯಚೂರು ಜಿಲ್ಲೆಯಲ್ಲಿ ಮಕ್ಕಳ ವಾಡಿಕೆಯ ಲಸಿಕೆಗಳ ಪಟ್ಟಿಯಲ್ಲಿ ಮೆದುಳು ಜ್ವರದ್ದೂ ಸೇರಿದೆ: ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಇನ್ನೊಂದು. ತಾಯಿ ಕಾರ್ಡ್ ತೆಗೆದು ಎರಡೂ ಆಗಿವೆಯೇ ನೋಡಿ. ಒಂದು ತಪ್ಪಿದ್ದರೆ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ, ನಾಟಿ ಮುಗಿಯಲಿ ಎಂದು ಮುಂದೂಡಬೇಡಿ.