ಡ್ರ್ಯಾಗನ್ ಚಹಾ, ಏಡಿಗಣ್ಣಿನ ನೀರು, ಒಂದು ಜಿಗಿಹುಳು

ನೀವೊಂದು ಪ್ರಾಣಿಯಾಗಬಹುದು ಅಂದರೆ ಯಾವುದಾಗುತ್ತೀರಿ? ತರಗತಿಯಲ್ಲಿ ಕೇಳಿ ನೋಡಿ, ಹುಲಿ, ಚಿರತೆ, ಹದ್ದುಗಳಿಗೆ ಮೊದಲು ಕೈಗಳು ಏಳುತ್ತವೆ. ಕತೆಗಳಲ್ಲಿ ಬರುವ ಪ್ರಾಣಿಗಳೂ ಆಗಬಹುದು ಅಂದರೆ ಡ್ರ್ಯಾಗನ್‌ಗೆ, ಫೀನಿಕ್ಸ್‌ಗೆ, ನಮ್ಮ ಗಂಡಭೇರುಂಡಕ್ಕೆ ಪೈಪೋಟಿ ಶುರುವಾಗುತ್ತದೆ. ಚೀನಾದ ಚಹಾ ಅಂಗಡಿಯಲ್ಲಿ ಇವರಲ್ಲಿ ಎಷ್ಟೋ ಮಂದಿಗೆ ತಮ್ಮ ತಮ್ಮ ಚಹಾ ಸಿಗುತ್ತದೆ. ಅಲ್ಲಿ ಡ್ರ್ಯಾಗನ್ ಹೆಸರಿನ ಚಹಾ ಇದೆ, ಫೀನಿಕ್ಸ್ ಹಕ್ಕಿಯ ಬೆಟ್ಟದ ಚಹಾ ಇದೆ, ಕೋತಿಯದು ಇದೆ, ಬಸವನಹುಳುವಿನದು ಇದೆ, ಗುಬ್ಬಿಯ ನಾಲಿಗೆ ಎಂಬುದೂ ಇದೆ. ಇಷ್ಟು ಹೆಸರು ಕೇಳಿದರೆ ಇಷ್ಟೇ ಬಗೆಯ ಗಿಡಗಳೂ ಇರಬೇಕು ಅನ್ನಿಸುತ್ತದೆ. ಹಾಗಿಲ್ಲ. ಇವೆಲ್ಲ ಒಂದೇ ಜಾತಿಯ ಗಿಡದ ಎಲೆಗಳು. ಅದರ ವೈಜ್ಞಾನಿಕ ಹೆಸರು ಕಮೀಲಿಯಾ ಸೈನೆನ್ಸಿಸ್. ನಿಮ್ಮ ಮನೆಯ ಡಬ್ಬಿಯಲ್ಲಿರುವ ಚಹಾಪುಡಿಯೂ ಅದರದ್ದೇ.

ಒಂದೇ ಗಿಡ ಇಷ್ಟು ರೂಪ ತಾಳುವುದು ಹೇಗೆ? ಉತ್ತರದ ಅರ್ಧ ಭಾಗ ನಿಮ್ಮ ಅಡುಗೆಮನೆಯಲ್ಲೇ ಇದೆ. ಬದನೆಕಾಯಿ ಹೆಚ್ಚಿ ಹಾಗೇ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಅಮ್ಮ ಅದನ್ನು ಹೆಚ್ಚಿದ ಕೂಡಲೇ ನೀರಿಗೆ ಹಾಕುವುದು. ಕಾಯಿಯೊಳಗೆ ಕಿಣ್ವ ಎಂಬ ಪುಟ್ಟ ಕೆಲಸಗಾರರಿದ್ದಾರೆ. ಚಾಕು ತಗುಲಿ ಜೀವಕೋಶ ಒಡೆದಾಗ ಇವರಿಗೆ ಗಾಳಿಯ ಆಮ್ಲಜನಕ ಸಿಗುತ್ತದೆ, ಕೆಲಸ ಶುರುವಾಗುತ್ತದೆ, ಬಣ್ಣ ಬದಲಾಗುತ್ತದೆ. ಚಹಾ ಎಲೆಯಲ್ಲೂ ಇದೇ ಬಗೆಯ ಕಿಣ್ವವಿದೆ. ಎಲೆಯನ್ನು ಹೊಸಕಿ ಗಾಳಿಗೆ ಬಿಟ್ಟರೆ ಅದು ತಾಮ್ರದ ಬಣ್ಣಕ್ಕೆ ಬಂದು, ಒಣಗಿಸಿದ ಮೇಲೆ ಕಪ್ಪಾಗುತ್ತದೆ. ನಾವು ಹಾಲು ಹಾಕಿ ಕುಡಿಯುವುದು ಇದನ್ನೇ. ಕಿತ್ತ ಎಲೆಗೆ ಬೇಗನೆ ಬಿಸಿ ತಗುಲಿಸಿದರೆ ಕಿಣ್ವ ಕೆಟ್ಟು ನಿಂತುಹೋಗುತ್ತದೆ, ಎಲೆ ಹಸಿರಾಗಿಯೇ ಉಳಿಯುತ್ತದೆ.

ಡ್ರ್ಯಾಗನ್ ಮಕ್ಕಳೇ, ನಿಮ್ಮ ಚಹಾ ಹುಟ್ಟುವುದು ಆ ಬಿಸಿಯಲ್ಲೇ. ಚೀನಾದ ಹಾಂಗ್‌ಝೌ ನಗರದ ಪಕ್ಕ ಪಶ್ಚಿಮ ಸರೋವರ ಎಂಬ ಕೆರೆ ಇದೆ. ಅದರ ಸುತ್ತಲಿನ ಗುಡ್ಡಗಳಲ್ಲಿ ಲುಂಗ್‌ಜಿಂಗ್ ಚಹಾ ಬೆಳೆಯುತ್ತದೆ. ಅಲ್ಲಿನ ಹಳ್ಳಿಯ ಬಾವಿಯಲ್ಲಿ ಡ್ರ್ಯಾಗನ್ ವಾಸವಾಗಿತ್ತು ಎಂದು ಜನ ನಂಬಿದ್ದರು, ಚಹಾಕ್ಕೂ ಆ ಬಾವಿಯ ಹೆಸರೇ ನಿಂತಿತು. ಚೀನಾದ ಡ್ರ್ಯಾಗನ್ ಬೆಂಕಿ ಉಗುಳುವುದಿಲ್ಲ, ಅದು ಮಳೆ ತರುವ ನೀರಿನ ದೇವತೆ. ಬೆಂಕಿ ಇರುವುದು ಬಾಣಲೆಯ ಕೆಳಗೆ. ವಸಂತದಲ್ಲಿ ಕಿತ್ತ ಎಳೆಯ ಕುಡಿಗಳನ್ನು ಕಾದ ಬಾಣಲೆಗೆ ಹಾಕಿ, ಬರಿಗೈಯಿಂದಲೇ ಒತ್ತುತ್ತಾ ತಿರುವುತ್ತಾ ಹುರಿಯುತ್ತಾರೆ. ಕೈಯ ಒತ್ತಡಕ್ಕೆ ಎಲೆ ಚಪ್ಪಟೆಯಾಗುತ್ತದೆ, ಬಿಸಿಗೆ ಕಿಣ್ವ ಕೆಲಸ ನಿಲ್ಲಿಸುತ್ತದೆ, ಹುರಿದ ಕಾಳಿನಂಥ ಪರಿಮಳ ಏಳುತ್ತದೆ. ಎಷ್ಟು ಹೊತ್ತು ಒತ್ತಬೇಕು, ಯಾವಾಗ ಬಿಡಬೇಕು ಎಂಬುದನ್ನು ಅವರು ಅಂಗೈಯಿಂದಲೇ ಅಳೆಯುತ್ತಾರೆ. ಈ ಕೆಲಸ ಮಾಡುವವರ ಬಗ್ಗೆ ನನಗೆ ತುಂಬ ಗೌರವ.

ಇನ್ನೊಂದು ಡ್ರ್ಯಾಗನ್ ಇದೆ, ಅದು ಕಪ್ಪು ಡ್ರ್ಯಾಗನ್. ಊಲಾಂಗ್ ಎಂಬ ಚಹಾದ ಹೆಸರಿನೊಳಗೆ ಕೂತಿರುವುದು ಅದೇ. ಇಲ್ಲಿ ಕಿಣ್ವವನ್ನು ಪೂರ್ತಿ ಬಿಡುವುದೂ ಇಲ್ಲ, ಕೂಡಲೇ ತಡೆಯುವುದೂ ಇಲ್ಲ. ಬಿದಿರಿನ ತಟ್ಟೆಯಲ್ಲಿ ಎಲೆಗಳನ್ನು ಮೆಲ್ಲಗೆ ಕುಲುಕುತ್ತಾರೆ, ಸ್ವಲ್ಪ ಹೊತ್ತು ಬಿಡುತ್ತಾರೆ, ಮತ್ತೆ ಕುಲುಕುತ್ತಾರೆ. ಎಲೆಯ ಅಂಚುಗಳು ಒಂದಕ್ಕೊಂದು ತಾಗಿ ಜಜ್ಜಿಹೋಗುತ್ತವೆ. ಅಲ್ಲಿ ಮಾತ್ರ ಕಿಣ್ವ ಕೆಲಸ ಮಾಡಿ ಕೆಂಪು ಮೂಡುತ್ತದೆ, ನಡುವೆ ಹಸಿರು ಉಳಿಯುತ್ತದೆ. ಆಮೇಲೆ ಬಿಸಿ ಕೊಟ್ಟು ಆಟ ನಿಲ್ಲಿಸುತ್ತಾರೆ. ಗಂಡಭೇರುಂಡಕ್ಕೆ ಕೈ ಎತ್ತಿದವರಿಗೆ ನಾನು ಕೊಡುವುದು ಈ ಚಹಾ. ಒಂದೇ ಮೈಯಲ್ಲಿ ಎರಡು ತಲೆ ಇರುವ ಹಕ್ಕಿಗೆ ಒಂದೇ ಎಲೆಯಲ್ಲಿ ಎರಡು ಬಣ್ಣ ಇರುವ ಚಹಾ ಸರಿಹೊಂದುತ್ತದಲ್ಲವೇ?

ಫೀನಿಕ್ಸ್ ಬೇಕೆಂದವರು ಚೀನಾದ ದಕ್ಷಿಣಕ್ಕೆ ಬನ್ನಿ. ಗುವಾಂಗ್‌ಡಾಂಗ್ ಪ್ರಾಂತದ ಚಾವೋಝೌ ಎಂಬಲ್ಲಿ ಫೀನಿಕ್ಸ್ ಬೆಟ್ಟ ಇದೆ. ಅಲ್ಲಿಯದೂ ಊಲಾಂಗ್ ಚಹಾವೇ. ಅಲ್ಲಿನ ಒಂದೊಂದು ಮರಕ್ಕೂ ತನ್ನದೇ ವಾಸನೆ. ಒಂದು ಜೇನಿನಂತೆ, ಇನ್ನೊಂದು ಬಾದಾಮಿಯಂತೆ, ಮತ್ತೊಂದು ಶುಂಠಿ ಹೂವಿನಂತೆ. ಹಾಗಾಗಿ ಒಳ್ಳೆಯ ಮರದ ಎಲೆಯನ್ನು ಬೇರೆಯಾಗಿಯೇ ಕಿತ್ತು ಬೇರೆಯಾಗಿಯೇ ಹದಮಾಡುವ ಪದ್ಧತಿ ಬೆಳೆಯಿತು. ಬೀಜದಿಂದ ಬೆಳೆದ ಮರಗಳು ಒಂದರಂತೆ ಒಂದು ಇರುವುದಿಲ್ಲ, ಒಂದೇ ತಾಯಿಯ ಮಕ್ಕಳಾದ ನೀವು ಮತ್ತು ನಿಮ್ಮ ತಂಗಿ ಒಂದೇ ಥರ ಇಲ್ಲವಲ್ಲ. ಇಷ್ಟವಾದ ಮರದಂಥದ್ದೇ ಇನ್ನೊಂದು ಬೇಕೆಂದರೆ ಅದರ ರೆಂಬೆಯನ್ನೇ ಕತ್ತರಿಸಿ ನೆಡಬೇಕು, ಇಲ್ಲವೇ ಕಸಿ ಕಟ್ಟಬೇಕು.

ಈ ಬೆಟ್ಟದ ಒಂದು ಹೆಸರಾಂತ ಚಹಾಕ್ಕೆ ಬಾತುಕೋಳಿ ಹಿಕ್ಕೆಯ ಪರಿಮಳ ಎಂದು ಹೆಸರು! ಕುಡಿದರೆ ಹೂವಿನ ಘಮವೇ ಹೊರತು ಹಿಕ್ಕೆಯ ಸುಳಿವೂ ಇಲ್ಲ. ತನ್ನ ಮರದ ರೆಂಬೆಯನ್ನು ಯಾರೂ ಕದಿಯಬಾರದೆಂದು ರೈತನೊಬ್ಬ ಈ ಹೆಸರಿಟ್ಟ ಎಂಬ ಕತೆ ಅಲ್ಲಿದೆ. ಬಾತುಕೋಳಿಯಾಗಬೇಕು ಎಂದವರು ಬೇಸರಪಡಬೇಡಿ, ನಿಮ್ಮ ಪಾಲಿಗೆ ಬಂದದ್ದು ಬಲು ಸೊಗಸಾದ ಚಹಾ.

ಬಸವನಹುಳುವಿನ ಚಹಾ ಬಿಲುವೋಚುನ್. ಸುಝೌ ನಗರದ ಹತ್ತಿರ ತಾಯ್‌ಹು ಎಂಬ ದೊಡ್ಡ ಸರೋವರದ ದಡದಲ್ಲಿ ಬೆಳೆಯುತ್ತದೆ. ಎಳೆಯ ಕುಡಿಯನ್ನು ಕೈಯಲ್ಲಿ ಉರುಟಿ ಸುರುಳಿ ಮಾಡುತ್ತಾರೆ, ಅದಕ್ಕೇ ಬಸವನಹುಳುವಿನ ನೆನಪು. ಅದರ ಮೈಮೇಲೆ ಬಿಳಿ ನವಿರು ಕಾಣುತ್ತದೆ. ಧೂಳೋ ಬೂಷ್ಟೋ ಅಲ್ಲ, ಅವು ಎಲೆಯದೇ ರೋಮಗಳು. ಚಹಾ ಗಿಡದ ತುದಿಯ ಮೊಗ್ಗಿನ ಮೇಲೆ ಇಂಥ ರೋಮ ದಟ್ಟವಾಗಿರುತ್ತದೆ, ಎಲೆ ಬಲಿತಂತೆ ಉದುರಿಹೋಗುತ್ತದೆ. ಹೀಗಾಗಿ ಬಿಳಿ ರೋಮ ಕಂಡರೆ ಎಳೆಯ ಕುಡಿಯನ್ನೇ ಕಿತ್ತಿದ್ದಾರೆ ಎಂದು ತಿಳಿಯಬಹುದು. ಇನ್ನು ಕೋತಿಯ ಚಹಾ. ಕಡಿದಾದ ಬಂಡೆಗಳ ಮೇಲಿನ ಎಲೆಯನ್ನು ಪಳಗಿಸಿದ ಕೋತಿಗಳಿಂದ ಕೀಳಿಸುತ್ತಿದ್ದರು ಎನ್ನುವುದು ಕತೆ. ಕೀಳುವವರು ಮನುಷ್ಯರೇ, ಹೆಚ್ಚಿನ ಕಡೆ ಹೆಂಗಸರು.

ಎಲೆಯ ಮಾತಾಯಿತು, ನೀರಿಗೂ ಪ್ರಾಣಿಗಳಿವೆ. 8ನೇ ಶತಮಾನದಲ್ಲಿ ಚೀನಾದಲ್ಲಿ ಲು ಯು ಎಂಬವನಿದ್ದ. ಚಹಾದ ಬಗ್ಗೆಯೇ ಒಂದು ಪುಸ್ತಕ ಬರೆದ. ಆಗ ಥರ್ಮಾಮೀಟರ್ ಇರಲಿಲ್ಲ. ಅವನು ಪಾತ್ರೆಯೊಳಗಿನ ಗುಳ್ಳೆಗಳನ್ನು ನೋಡಿ, ಮೀನಿನ ಕಣ್ಣಿನಷ್ಟು ಗುಳ್ಳೆ ಬಂದು ಸಣ್ಣಗೆ ಸದ್ದಾದರೆ ಅದು ಮೊದಲ ಕುದಿ, ಅಂಚಿನಲ್ಲಿ ಮುತ್ತಿನ ಸರದಂತೆ ಗುಳ್ಳೆ ಏಳುವುದು ಎರಡನೆಯದು, ನೀರು ಅಲೆಯಾಗಿ ಉಕ್ಕುವುದು ಮೂರನೆಯದು ಎಂದು ಗುರುತಿಸಿದ. ಮುಂದೆ ಬಂದವರು ಮೀನುಗಣ್ಣಿಗಿಂತ ಚಿಕ್ಕದಾದ ಏಡಿಗಣ್ಣನ್ನೂ ಸೀಗಡಿಗಣ್ಣನ್ನೂ ಸೇರಿಸಿದರು. ಕಣ್ಣಿನಿಂದಲೇ ಉಷ್ಣತೆ ಅಳೆಯುವ ಈ ಉಪಾಯ ನನಗೆ ಚಹಾದ ಕತೆಗಳಲ್ಲೆಲ್ಲ ಅಚ್ಚುಮೆಚ್ಚು.

ಮನೆಯಲ್ಲಿ ದೊಡ್ಡವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮುಖ ದೂರವಿಟ್ಟು, ಕಾಯುವ ನೀರನ್ನು ನೋಡಿ. ಮೊದಮೊದಲು ಪಾತ್ರೆಯ ಗೋಡೆಗೆ ಅಂಟುವ ಸಣ್ಣ ಗುಳ್ಳೆಗಳು ಹಬೆಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ನೀರು ಬಿಸಿಯಾದಷ್ಟೂ ಗಾಳಿಯನ್ನು ಹಿಡಿದಿಟ್ಟುಕೊಳ್ಳಲು ಅದಕ್ಕೆ ಆಗುವುದಿಲ್ಲ. ಆಮೇಲೆ ತಳದಲ್ಲಿ ನಿಜವಾದ ಹಬೆಯ ಗುಳ್ಳೆ ಹುಟ್ಟುತ್ತದೆ. ಮೇಲಿನ ನೀರು ಇನ್ನೂ ಅಷ್ಟು ಬಿಸಿಯಾಗಿರುವುದಿಲ್ಲ, ಹಾಗಾಗಿ ಗುಳ್ಳೆ ಅರ್ಧ ದಾರಿಯಲ್ಲೇ ತಣಿದು ಕುಸಿಯುತ್ತದೆ. ಇಂಥ ಸಾವಿರಾರು ಕುಸಿತಗಳು ಸೇರಿ ಪಾತ್ರೆ ಸುಂಯ್ಯೆಂದು ಹಾಡುತ್ತದೆ. ನೀರೆಲ್ಲ ಸಮನಾಗಿ ಬಿಸಿಯಾದಾಗ ಗುಳ್ಳೆಗಳು ಮೇಲಿನವರೆಗೂ ಬಂದು ಒಡೆಯುತ್ತವೆ, ಆ ಹಾಡು ಇಳಿದು ಕೊತಕೊತ ಸದ್ದು ಶುರುವಾಗುತ್ತದೆ. ಸಮುದ್ರ ಮಟ್ಟದಲ್ಲಿ ಆಗ 100 ಡಿಗ್ರಿ. ಮಡಿಕೇರಿಯಲ್ಲಿರುವವರಿಗೆ ಸುಮಾರು 96 ಡಿಗ್ರಿ, ಯಾಕೆಂದರೆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ.

ಏಡಿಗಣ್ಣಿನ ನೀರು ಯಾಕೆ ಬೇಕಿತ್ತು? ಡ್ರ್ಯಾಗನ್ ಬಾವಿಯ ಚಹಾದಂಥ ಹಸಿರು ಎಲೆಗೆ ಸುಮಾರು 80 ಡಿಗ್ರಿ ನೀರು ಸಾಕು. ಎಲೆಯೊಳಗೆ ಥಿಯಾನಿನ್ ಎಂಬ ಹಿತವಾದ ರುಚಿಯ ಪದಾರ್ಥವಿದೆ, ಅದು ಅಷ್ಟು ಬಿಸಿಗೇ ನೀರಿಗಿಳಿಯುತ್ತದೆ. ಒಗರು ಮತ್ತು ಕಹಿ ಕೊಡುವ ಕ್ಯಾಟಚಿನ್‌ಗಳು ಕುದಿವ ನೀರಿಗೆ ಬಹಳ ಹೆಚ್ಚಾಗಿ ಇಳಿಯುತ್ತವೆ. ಗುಳ್ಳೆ ನೋಡಿ ಪಾತ್ರೆ ಇಳಿಸುತ್ತಿದ್ದವರು ಈ ಹೆಸರುಗಳನ್ನು ಕೇಳಿರಲಿಲ್ಲ, ಆದರೆ ನಾಲಿಗೆಯಿಂದ ವ್ಯತ್ಯಾಸ ಕಂಡುಕೊಂಡಿದ್ದರು.

ಚೀನಾದಲ್ಲಿ ಚಹಾ ಕುಡಿಯುವ ಮೇಜಿನ ಮೇಲೆ ಪುಟ್ಟ ಮಣ್ಣಿನ ಬೊಂಬೆಗಳನ್ನು ಇಟ್ಟುಕೊಳ್ಳುತ್ತಾರೆ. ಮೂರು ಕಾಲಿನ ಕಪ್ಪೆ, ಡ್ರ್ಯಾಗನ್ ತಲೆಯ ಆಮೆ, ಆನೆ, ಹಂದಿ, ಹೀಗೆ ತಮಗೆ ಒಲಿದದ್ದು. ಅವಕ್ಕೂ ಆಗಾಗ ಒಂದಿಷ್ಟು ಚಹಾ ಸುರಿಯುತ್ತಾರೆ. ಹೊಳಪು ಬಳಿಯದ ಆ ಮಣ್ಣಿನಲ್ಲಿ ಸಣ್ಣ ರಂಧ್ರಗಳಿದ್ದು ಚಹಾ ಹೀರುತ್ತದೆ, ವರ್ಷಗಳು ಕಳೆದಂತೆ ಬೊಂಬೆಗೆ ಮಿರುಗು ಬರುತ್ತದೆ. ಉಚ್ಚೆ ಹೊಯ್ಯುವ ಹುಡುಗನ ಬೊಂಬೆಯೂ ಒಂದಿದೆ, ನಗಬೇಡಿ, ಅದರಲ್ಲಿ ಒಳ್ಳೆಯ ಭೌತವಿಜ್ಞಾನವಿದೆ! ಬೊಂಬೆ ಒಳಗೆ ಟೊಳ್ಳು, ಒಂದೇ ಒಂದು ಸಣ್ಣ ತೂತು. ಅದನ್ನು ಮೊದಲು ಬಿಸಿನೀರಿನಲ್ಲಿಟ್ಟು ಆಮೇಲೆ ತಣ್ಣೀರಿನಲ್ಲಿ ಮುಳುಗಿಸುತ್ತಾರೆ. ಒಳಗಿನ ಗಾಳಿ ತಣಿದು ಕುಗ್ಗಿ, ತೂತಿನಿಂದ ನೀರು ಒಳಗೆ ಸೇರುತ್ತದೆ. ಈಗ ತಲೆಯ ಮೇಲೆ ಬಿಸಿ ನೀರು ಸುರಿದರೆ ಗಾಳಿ ಹಿಗ್ಗಿ ಆ ನೀರನ್ನು ಹೊರಕ್ಕೆ ಚಿಮ್ಮಿಸುತ್ತದೆ. 25 ಡಿಗ್ರಿಯ ಗಾಳಿ 80 ಡಿಗ್ರಿಗೆ ಏರಿದರೆ ಅದಕ್ಕೆ ಸುಮಾರು 18 ಪ್ರತಿಶತ ಹೆಚ್ಚು ಜಾಗ ಬೇಕು. ಜಾಗ ಸಿಗದಿದ್ದರೆ ನೀರನ್ನು ತಳ್ಳುತ್ತದೆ.

ಇಲ್ಲಿಯವರೆಗೆ ಬಂದ ಪ್ರಾಣಿಗಳೆಲ್ಲ ಹೆಸರಿನಲ್ಲಿ, ಆಕಾರದಲ್ಲಿ, ಬೊಂಬೆಯಲ್ಲಿ ಇದ್ದವು. ಯಾವುದೂ ಎಲೆಯ ರುಚಿಯನ್ನು ಬದಲಿಸಲಿಲ್ಲ. ಆ ಕೆಲಸ ಮಾಡುವ ಪ್ರಾಣಿ ಒಂದಿದೆ, ಅದಕ್ಕೆ ಯಾವ ತರಗತಿಯಲ್ಲೂ ಕೈ ಏಳುವುದಿಲ್ಲ. ಅದು ಸುಮಾರು 3 ಮಿಲಿಮೀಟರ್ ಉದ್ದದ ಹಸಿರು ಜಿಗಿಹುಳು.

ತೈವಾನಿನ ಶಿಂಚು ಮತ್ತು ಮ್ಯಾವೋಲಿ ಭಾಗದಲ್ಲಿ ಬೇಸಿಗೆಗೆ ಈ ಹುಳು ಚಹಾ ತೋಟಕ್ಕೆ ದಂಡೆತ್ತಿ ಬರುತ್ತದೆ. ಸೂಜಿಯಂಥ ಬಾಯಿಯನ್ನು ಎಳೆಯ ಎಲೆಗೆ ಚುಚ್ಚಿ ರಸ ಹೀರುತ್ತದೆ. ಎಲೆ ಬೆಳೆಯುವುದನ್ನು ನಿಲ್ಲಿಸಿ ಹಳದಿಯಾಗಿ ಮುದುಡುತ್ತದೆ. ಒಬ್ಬ ರೈತ ಹೀಗೆ ಕೆಟ್ಟ ಎಲೆಯನ್ನು ಬಿಸಾಡಲು ಮನಸ್ಸಾಗದೆ ಚಹಾ ಮಾಡಿ ಪೇಟೆಗೆ ಒಯ್ದನಂತೆ. ಅದಕ್ಕೆ ಭಾರಿ ಬೆಲೆ ಬಂತಂತೆ. ಊರಿಗೆ ಮರಳಿ ಹೇಳಿದರೆ ಯಾರೂ ನಂಬಲಿಲ್ಲವಂತೆ. ಹಾಗಾಗಿ ಬಡಾಯಿ ಚಹಾ ಎಂದೇ ಅದಕ್ಕೆ ಅಡ್ಡಹೆಸರು ಬಿತ್ತು. ಈಗ ಅದರ ದೊಡ್ಡ ಹೆಸರು ಪೂರ್ವದ ಸುಂದರಿ. ಊಲಾಂಗ್ ಬಳಗದ ಈ ಚಹಾದಲ್ಲಿ ಜೇನು ಮತ್ತು ಮಾಗಿದ ಹಣ್ಣಿನ ಪರಿಮಳವಿರುತ್ತದೆ, ಒಂದು ತೊಟ್ಟು ಜೇನನ್ನೂ ಹಾಕದೆ.

ಆ ಪರಿಮಳ ಎಲ್ಲಿಂದ ಬಂತು? ಗಿಡಕ್ಕೆ ಓಡಲು ಕಾಲಿಲ್ಲ, ಹುಳವನ್ನು ಓಡಿಸಲು ಕೈಯಿಲ್ಲ. ಹುಳು ಕಚ್ಚಿದ ಕೂಡಲೇ ಎಲೆಯೊಳಗೆ ಜಾಸ್ಮೋನಿಕ್ ಆಮ್ಲ ಎಂಬ ಎಚ್ಚರಿಕೆಯ ರಾಸಾಯನಿಕ ಹೆಚ್ಚುತ್ತದೆ. ಅದರಿಂದ ಎಲೆ ಹೊಸ ಹೊಸ ಸುಗಂಧ ಪದಾರ್ಥಗಳನ್ನು ತಯಾರಿಸಿ ಗಾಳಿಗೆ ಬಿಡುತ್ತದೆ. ಕೊತ್ತಂಬರಿ ಬೀಜದ ಘಮಕ್ಕೆ ಕಾರಣವಾದ ಲಿನಲೂಲ್‌ನ ಹತ್ತಿರದ ಸಂಬಂಧಿಗಳು ಇವು, ಹೋಟ್ರಿಯೆನಾಲ್ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಸಸ್ಯಗಳು ಹೀಗೆ ಬಿಡುವ ವಾಸನೆಯ ಜಾಡು ಹಿಡಿದು ಹುಳಗಳನ್ನು ಬೇಟೆಯಾಡುವ ಜೇಡ, ಕಣಜಗಳು ಬರುತ್ತವೆ. ನಾವು ಸವಿಯುವ ಜೇನಿನ ಪರಿಮಳ ಅಸಲಿಗೆ ಗಿಡದ ಕೂಗು.

ಈ ಚಹಾ ಬೇಕೆಂದರೆ ರೈತರು ತೋಟಕ್ಕೆ ಕೀಟನಾಶಕ ಹೊಡೆಯುವಂತಿಲ್ಲ. ಹುಳು ಸತ್ತರೆ ಪರಿಮಳವೂ ಇಲ್ಲ. ಹುಳು ಅತಿಯಾದರೆ ಎಲೆಯೇ ಉಳಿಯುವುದಿಲ್ಲ. ಈ ಎರಡರ ನಡುವೆ ಅವರು ತೋಟ ನಡೆಸಬೇಕು. ನಮ್ಮ ದೇಶದ ಡಾರ್ಜಿಲಿಂಗ್‌ನಲ್ಲೂ ಮೇ, ಜೂನ್ ತಿಂಗಳ ಎರಡನೇ ಕೊಯ್ಲಿನ ಎಲೆಗೆ ದ್ರಾಕ್ಷಿಯಂಥ ಹೆಸರಾಂತ ಘಮ ಬರುತ್ತದೆ. ಅಲ್ಲೂ ಹಸಿರು ಜಿಗಿಹುಳುವಿನ ಪಾತ್ರವಿದೆ.

ಯಾವ ಪ್ರಾಣಿ ಬೇಕು ಎಂದು ನನ್ನನ್ನು ಕೇಳಿದರೆ ನಾನು ಜಿಗಿಹುಳುವಿಗೇ ಕೈ ಎತ್ತುತ್ತೇನೆ. ಅದನ್ನು ನೋಡಲು ತೈವಾನಿಗೆ ಹೋಗಬೇಕಿಲ್ಲ. ಅದೇ ಕುಟುಂಬದ ಇನ್ನೊಂದು ಜಾತಿ ನಮ್ಮ ಹೊಲಗಳಲ್ಲಿ ಹತ್ತಿಗೂ ಬೆಂಡೆಗೂ ಬೀಳುತ್ತದೆ. ರೈತರಿಗೆ ಅದು ದೊಡ್ಡ ತಲೆನೋವು, ಅಲ್ಲಿ ಅದರಿಂದ ಯಾವ ಪರಿಮಳದ ಲಾಭವೂ ಇಲ್ಲ. ಹಿತ್ತಲ ಬೆಂಡೆ ಗಿಡದಲ್ಲಿ ಅಂಚು ಹಳದಿಯಾಗಿ ಮುದುಡಿದ ಎಲೆ ಕಂಡರೆ ಅದನ್ನು ಮೆಲ್ಲಗೆ ಮಗುಚಿ. ತಿಳಿಹಸಿರಿನ ಪುಟ್ಟ ಮರಿಗಳು ಇರಬಹುದು. ಇನ್ನೂ ರೆಕ್ಕೆ ಬಲಿಯದ ಅವು ಬೆರಳು ಹತ್ತಿರ ಬಂದರೆ ಮುಂದಕ್ಕೆ ಓಡುವುದಿಲ್ಲ, ಸರಸರನೆ ಅಡ್ಡಡ್ಡಲಾಗಿ ಸರಿದು ಎಲೆಯ ಇನ್ನೊಂದು ಬದಿಗೆ ಹೋಗುತ್ತವೆ.